ಹೆಸರಿಡದ ನಾಲ್ಕು ಸ್ವಿಚ್ಚುಗಳು

ಅಮೆರಿಕದ ಜೀಪ್ ಗ್ಲಾಡಿಯೇಟರ್ ಪಿಕಪ್ಪಿಗೆ ಹೆಚ್ಚಿನ ಹಣ ತೆತ್ತು ಹಾಕಿಸಿಕೊಳ್ಳಬಹುದಾದ ನಾಲ್ಕು ಸ್ವಿಚ್ಚುಗಳಿವೆ. ಅವುಗಳ ಮೇಲೆ ದೀಪದ ಚಿತ್ರವಿಲ್ಲ, ಫ್ಯಾನಿನ ಚಿತ್ರವೂ ಇಲ್ಲ. ‘ಆಕ್ಸ್’ ಎಂಬ ಗುರುತು, ಒಂದರಿಂದ ನಾಲ್ಕರವರೆಗೆ ಅಂಕಿ, ಅಷ್ಟೇ. ಒತ್ತಿದರೆ ಏನಾಗಬೇಕು ಎಂಬುದನ್ನು ಕಾರ್ಖಾನೆ ಹೇಳಿಲ್ಲ. ಯಂತ್ರ ತಾನೇ ಎಷ್ಟನ್ನು ತೀರ್ಮಾನಿಸಬೇಕು, ಒಡೆಯನಿಗೆ ಎಷ್ಟನ್ನು ಬಿಡಬೇಕು ಎಂಬ ಪ್ರಶ್ನೆಗೆ ಈ ಮೌನದಲ್ಲಿ ಒಂದು ಒಳ್ಳೆಯ ಉತ್ತರ ಇದೆ.

ಹಿಂದೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಬ್ಯಾಟರಿಯಿಂದ ಒಂದು ವೈರು, ನಡುವೆ ಫ್ಯೂಸು, ರಿಲೇ. ಡ್ಯಾಶ್‌ಬೋರ್ಡಿಗೊಂದು ತೂತು ಕೊರೆದರೆ ಹೊಸ ಲೈಟು ಉರಿಯುತ್ತಿತ್ತು. ಈಗ ಹೆಡ್‌ಲೈಟಿನ ವೈರಿನಲ್ಲಿ ಹರಿಯುವ ಕರೆಂಟಿನ ಮೇಲೂ ಕಂಪ್ಯೂಟರಿನ ಕಣ್ಣಿದೆ. ಅದಕ್ಕೆ ಇನ್ನೊಂದು ದೀಪ ಸಿಕ್ಕಿಸಹೋದರೆ ದೋಷದ ಎಚ್ಚರಿಕೆ ಬೀಳಬಹುದು. ಕಾರ್ಖಾನೆಯೇ ಬಾಗಿಲು ತೆರೆಯದಿದ್ದರೆ ಗಾಡಿಯ ಒಡೆಯ ಹೊರಗೇ ನಿಲ್ಲಬೇಕು.

ಗ್ಲಾಡಿಯೇಟರಿನ ಟಚ್‌ಸ್ಕ್ರೀನ್ ಪ್ರತಿ ಸ್ವಿಚ್ಚಿಗೂ ಮೂರು ಪ್ರಶ್ನೆ ಕೇಳುತ್ತದೆ. ಒಮ್ಮೆ ಒತ್ತಿದರೆ ಆನ್ ಆಗಿಯೇ ಇರಬೇಕೋ, ಬೆರಳು ತೆಗೆದೊಡನೆ ಆಫ್ ಆಗಬೇಕೋ? ಕರೆಂಟು ಬ್ಯಾಟರಿಯಿಂದ ಸದಾ ಸಿಗಬೇಕೋ, ಇಗ್ನಿಷನ್ ಆನ್ ಇದ್ದಾಗ ಮಾತ್ರವೋ? ಗಾಡಿ ಆರಿಸಿ ಮತ್ತೆ ಶುರು ಮಾಡಿದಾಗ ಹಿಂದಿನ ಸ್ಥಿತಿ ನೆನಪಿರಬೇಕೋ? ಕತ್ತಲಲ್ಲಿ ಟ್ರೈಲರ್ ಜೋಡಿಸುವವನಿಗೆ ಎಂಜಿನ್ ನಿಂತ ಮೇಲೂ ಹಿಂದಿನ ಲೈಟು ಬೇಕು. ದೊಡ್ಡ ಹಾರ್ನ್ ಕಟ್ಟಿಸಿಕೊಂಡವನಿಗೆ ಬೆರಳು ಇಟ್ಟಷ್ಟು ಹೊತ್ತು ಸಾಕು. ಎಂಜಿನಿಯರ್ ಎಷ್ಟೇ ಜಾಣನಾಗಿರಲಿ, ಇವರಿಬ್ಬರ ರಾತ್ರಿಗಳನ್ನು ಕೂತಲ್ಲೇ ಊಹಿಸಲಾರ. ಊಹಿಸಲಾರೆನೆಂದು ಒಪ್ಪಿಕೊಂಡದ್ದೇ ಅವನ ಜಾಣತನ.

ಹಾಗೆಂದು ಎಲ್ಲವನ್ನೂ ಬಿಟ್ಟುಕೊಟ್ಟಿಲ್ಲ. ಎರಡು ಸ್ವಿಚ್ಚಿಗೆ 40 ಆಂಪಿಯರ್, ಇನ್ನೆರಡಕ್ಕೆ 15 ಆಂಪಿಯರ್. ಇದನ್ನು ಯಾವ ಮೆನುವೂ ಬದಲಿಸದು. 12 ವೋಲ್ಟಿಗೆ 15 ಆಂಪಿಯರ್ ಎಂದರೆ 180 ವಾಟ್. 300 ವಾಟಿನ ಲೈಟ್ ಬಾರ್ ಅಲ್ಲಿ ನಡೆಯದು. ವೈರು ಸುಡುವ ಮಾತು ಬಂದಾಗ ಒಡೆಯನ ಇಷ್ಟಾನಿಷ್ಟ ಕೇಳಬೇಕಿಲ್ಲ. ಆದರೆ ಸಣ್ಣ ತಪ್ಪು ಮಾಡುವ ಸ್ವಾತಂತ್ರ್ಯ ಅವನಿಗಿದೆ: 120 ವಾಟಿನ ದೀಪವನ್ನು ಬ್ಯಾಟರಿಗೆ ಹೊಂದಿಸಿ, ಆರಿಸಲು ಮರೆತು ಮಲಗಿದರೆ, 70 ಆಂಪಿಯರ್-ಅವರ್‌ನ ಬ್ಯಾಟರಿ ಏಳು ಗಂಟೆಯೊಳಗೆ ಬರಿದು. ಬೆಳಗ್ಗೆ ಗಾಡಿ ಏಳದ ಕಷ್ಟ ಮರೆತವನದೇ. ನಷ್ಟ ಯಾರದೋ ನಿರ್ಧಾರವೂ ಅವರದಾಗುವುದು ನ್ಯಾಯ.

ಗ್ರಾಹಕನಿಗೆ ಇಷ್ಟೆಲ್ಲ ತಲೆನೋವು ಯಾಕೆ, ಕಂಪನಿಯೇ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಆ ದಾರಿ ಎಲ್ಲಿಗೆ ಹೋಗಬಹುದೆಂಬುದಕ್ಕೂ ನಿದರ್ಶನ ಉಂಟು. ಸೀಟು ಬೆಚ್ಚಗಾಗಿಸುವ ಸಾಧನವನ್ನು ಕಾರಿನಲ್ಲೇ ಅಳವಡಿಸಿ, ಅದನ್ನು ಬಳಸಲು ಕೆಲವು ದೇಶಗಳಲ್ಲಿ ತಿಂಗಳ ಚಂದಾ ಕೇಳಿದ ಬಿಎಂಡಬ್ಲ್ಯು 2022ರಲ್ಲಿ ಟೀಕೆಗೆ ಗುರಿಯಾಯಿತು. 2023ರಲ್ಲಿ ಅದನ್ನು ಕೈಬಿಟ್ಟಿತು. ಅಲ್ಲೂ ಇಲ್ಲೂ ಇರುವುದು ಸಾಫ್ಟ್‌ವೇರೇ. ಒಂದು ಕಡೆ ಅದು ಕೊಂಡವನನ್ನು ಬಾಡಿಗೆದಾರನಾಗಿಸುತ್ತದೆ, ಇನ್ನೊಂದು ಕಡೆ ಯಜಮಾನನಾಗಿಸುತ್ತದೆ.

ಆದರೂ ಈ ಯಜಮಾನಿಕೆ ಬಾನೆಟ್ಟಿನಾಚೆಗೆ ಅಷ್ಟೇ ಸಲೀಸಾಗಿ ಸಾಗದು. ಕ್ಯಾಲಿಫೋರ್ನಿಯಾದಲ್ಲಿ ಗಾಡಿಯ ನೆತ್ತಿಯ ಮೇಲಿನ ಆಫ್‌ರೋಡ್ ದೀಪಗಳಿಗೆ ಹೆದ್ದಾರಿಯಲ್ಲಿ ಬೆಳಕು ತೂರದ ಮುಚ್ಚಳ ಹಾಕಿರಬೇಕು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಪ್ರಕರಣ ದಾಖಲಿಸಲು ಹೊರಟದ್ದೂ ಇದೇ ಕಾರಣಕ್ಕೆ. ಬ್ಯಾಟರಿ ಬರಿದಾದರೆ ನಷ್ಟ ನನ್ನದು. ಎದುರಿನವನಿಗೆ ದಾರಿ ಕಾಣದಿದ್ದರೆ ನಷ್ಟ ಅವನದು. ಹಾಗಾಗಿ ಆ ಸ್ವಿಚ್ಚಿಗೆ ಹೆಸರಿಡುವವನು ನಾನಾದರೂ, ಊರ ದಾರಿಯಲ್ಲಿ ಅದನ್ನು ಒತ್ತುವ ಮುನ್ನ ಎದುರಿನಿಂದ ಬರುವವನ ಮಾತೂ ನಡೆಯಬೇಕು.