ಅತಿಥಿಯೆನ್ನಬೇಡಿ

ಶ್ರೀನಗರದಲ್ಲಿ ಹಿಮಾಲಯದ ಹಕ್ಕಿಯೊಂದರ ದನಿಯನ್ನು ದಿನವೂ ಕೇಳುತ್ತೇನೆಂದರೆ ಮಿತ್ರರು ಕಾಶ್ಮೀರದ ಶ್ರೀನಗರವೆಂದೇ ತಿಳಿಯುತ್ತಾರೆ. ನಾನು ಹೇಳುವುದು ಹನುಮಂತನಗರಕ್ಕೆ ತಾಗಿದ ನಮ್ಮ ಬೆಂಗಳೂರಿನ ಬಡಾವಣೆಯನ್ನು.

ಇಂಗ್ಲಿಷರು ಗ್ರೀನಿಷ್ ವಾರ್ಬ್ಲರ್ ಎಂದು ಕರೆದ, ಕನ್ನಡದಲ್ಲಿ ಉಲಿಯಕ್ಕಿಗಳ ಬಳಗಕ್ಕೆ ಸೇರಿದ ಈ ಜೀವ ಗುಬ್ಬಚ್ಚಿಗಿಂತಲೂ ಚಿಕ್ಕದು; ತೂಕ 8 ಗ್ರಾಮಿನ ಆಸುಪಾಸು. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೊಂದು ತಿಳಿಯಾದ ಹುಬ್ಬು, ರೆಕ್ಕೆಯ ಮೇಲೊಂದು ಮಸುಕು ಗೆರೆ. ಗರಿ ಸವೆದಂತೆ ಆ ಗೆರೆಯೂ ಅಳಿಸಿಹೋಗುವುದುಂಟು. ಇದೇ ವೇಷದ ದಾಯಾದಿಗಳು ಹಲವರಿರುವುದರಿಂದ ಬಣ್ಣವನ್ನು ನಂಬಿ ಹೊರಟವನು ಕೆಟ್ಟ. ಎರಡು ವರ್ಷ ದುರ್ಬೀನು ಹಿಡಿದು ಕುತ್ತಿಗೆ ನೋಯಿಸಿಕೊಂಡವನು ನಾನು. ಕೊನೆಗೆ ಹಕ್ಕಿಯನ್ನು ತೋರಿಸಿಕೊಟ್ಟದ್ದು ಕಿವಿ. ಹೊಂಗೆಯ ಎಲೆಗಳೊಳಗಿಂದ ‘ಚಿವೀ’ ಎಂಬ ಎರಡಕ್ಷರದ ಚುರುಕು ಕೂಗು. ಆಮೇಲೆ ಅಲುಗುವ ಒಂದು ಎಲೆ. ಅದರ ಮಗ್ಗುಲಲ್ಲಿ, ಹುಳ ಹೆಕ್ಕುತ್ತ, ಹಕ್ಕಿ.

ಇದನ್ನು ನಾವು ‘ಚಳಿಗಾಲದ ಅತಿಥಿ’ ಎಂದು ಕರೆಯುತ್ತೇವೆ. ಪಾಠ ಹೇಳುವವರೂ ಹಾಗೆಯೇ ಹೇಳುತ್ತಾರೆ. ಆ ಮಾತಿಗೆ ನನ್ನ ತಕರಾರುಂಟು. ದೇವದಾರು, ಭೂರ್ಜಗಳ ಬೆಟ್ಟಗಾಡಿನಲ್ಲಿ ಅದು ಗೂಡು ಕಟ್ಟಿ ಮರಿ ಮಾಡುವುದು ಬೇಸಗೆಯ ಕೆಲವೇ ತಿಂಗಳು. ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ಅದರ ಬಾಳುವೆ ದಕ್ಷಿಣದಲ್ಲಿ. ಏಳು ತಿಂಗಳು ಇರುವವನು ಯಾವ ಮನೆಯಲ್ಲಿ ಅತಿಥಿ? ಟ್ರೆವರ್ ಪ್ರೈಸ್ 1981ರಲ್ಲಿ ಪ್ರಕಟಿಸಿದ ಅಧ್ಯಯನವೂ, ಮುಂದೆ ಮಧುಸೂದನ ಕಟ್ಟಿಯವರು ತಮಿಳುನಾಡಿನ ಮುಂಡಂತುರೈ ಕಾಡಿನಲ್ಲಿ ನಡೆಸಿದ ಶೋಧನೆಯೂ ತಿಳಿಸುವಂತೆ, ಇಲ್ಲಿ ಒಂದೊಂದು ಹಕ್ಕಿಯೂ ಕೆಲವು ಮರಗಳ ಗಡಿ ಹಾಕಿಕೊಂಡು ಒಂಟಿಯಾಗಿ ಕಾಯುತ್ತದೆ. ಮರುವರ್ಷ ಅಲ್ಲಿಗೇ ಮರಳುವುದೂ ಉಂಟು. ಕಾಯುವ ಆಯುಧವೇ ಆ ‘ಚಿವೀ’. ಹಾಡೆಂದು ನಾನು ತಲೆದೂಗುತ್ತಿದ್ದುದು ಹಕ್ಕುಪತ್ರದ ವಾಚನಕ್ಕೆ!

ಹೋದ ಬೇಸಗೆಯಲ್ಲಿ ನಮ್ಮ ಬೀದಿ ತಿರುವಿನ ಹೊಂಗೆಯನ್ನು ಕಡಿದರು. ವಾಹನ ನಿಲ್ಲಿಸಲು ಜಾಗ ಬೇಕಿತ್ತು. ನಾನೂ ಸುಮ್ಮನಿದ್ದೆ. ‘ವಲಸೆಯ ಹಕ್ಕಿಯಲ್ಲವೆ, ಬೇರೆ ಮರ ನೋಡಿಕೊಳ್ಳುತ್ತದೆ’ ಎಂದು ನೆರೆಯವರೊಬ್ಬರು ಸಮಾಧಾನ ಹೇಳಿದರು. ಅತಿಥಿಯೆಂಬ ಪದ ನಮಗೆ ಕೊಡಿಸಿದ ಸಮಾಧಾನ ಅದು. ಮಗ್ಗುಲ ಮರಕ್ಕೆ ಆಗಲೇ ಒಡೆಯನೊಬ್ಬನಿರುವನೆಂದು ಅವರಿಗೆ ನಾನು ಹೇಳಲಿಲ್ಲ.

ಸೆಪ್ಟೆಂಬರಿನ ಕೊನೆಯ ವಾರ ಆ ಮಗ್ಗುಲ ಮರದಲ್ಲಿ ಎರಡು ದನಿ ಕೇಳಿಸಿತು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ‘ಚಿವೀ’ಗೆ ‘ಚಿವೀ’ ಎದುರಾಯಿತು. ಮೂರನೆಯ ದಿನ ಉಳಿದದ್ದು ಒಂದೇ ದನಿ. ಅದು ಯಾರದೆಂದು ಗುರುತಿಸಲು ನನ್ನಿಂದಾಗಲಿಲ್ಲ.