ಊಟ ಎಲ್ಲಿ ಚೆನ್ನಾಗಿದೆ ಅಂತ ಯಾರನ್ನ ಕೇಳ್ತೀರಿ?

ಜರ್ಮನಿಗೆ ಓದಕ್ಕೆ, ಕೆಲಸಕ್ಕೆ ಅಂತ ಬರೋ ನಮ್ಮ ಹುಡುಗ ಹುಡುಗೀರು ಇನ್‌ಬಾಕ್ಸಿಗೆ ಬಂದು ಕೇಳೋದು ಎರಡೇ ಪ್ರಶ್ನೆ. ರೂಮು ಎಲ್ಲಿ ಸಿಗುತ್ತೆ? ಊಟ ಎಲ್ಲಿ ಚೆನ್ನಾಗಿರುತ್ತೆ? ರೂಮಿನ ಕತೆ ದೊಡ್ಡದು, ಇನ್ನೊಂದು ದಿನ ಬರೀತೀನಿ. ಇವತ್ತು ಊಟದ ಮಾತು. ನಾನಿರೋದು ಬರ್ಲಿನ್ನಲ್ಲಿ, ಹಾಗಾಗಿ ಬರ್ಲಿನ್ ಬಗ್ಗೆನೇ ಹೇಳ್ತೀನಿ.

ಬಂದ ವಾರದಲ್ಲೇ ಯಾರಾದರೂ ನಿಮ್ಮನ್ನ ಭಾರತೀಯರ ವಾಟ್ಸಾಪ್ ಗುಂಪಿಗೆ ಸೇರಿಸ್ತಾರೆ. ಅಲ್ಲೊಂದು ಪಟ್ಟಿ ಓಡಾಡ್ತಿರುತ್ತೆ: 'ನಮ್ಮ ಊಟ' ಸಿಗೋ ಜಾಗಗಳು. ದೋಸೆ, ಪನೀರು, ಥಾಲಿ, ಪಕ್ಕದಲ್ಲಿ ಪ್ಯೂರ್ ವೆಜ್ ಅನ್ನೋ ಹಸಿರು ಚುಕ್ಕಿ. ದೋಸೆ ನನಗೂ ಇಷ್ಟವೇ. ನನ್ನ ತಕರಾರು 'ನಮ್ಮ' ಅನ್ನೋ ಪದದ ಮೇಲೆ. ಆ ಪಟ್ಟಿಯಲ್ಲಿ ಬೋಟಿ ಇಲ್ಲ, ತಲೆಕಾಲು ಇಲ್ಲ, ರಕ್ತದ ಪಲ್ಯ ಇಲ್ಲ, ದನದ ಬಾಡಂತೂ ಕೇಳಲೇಬೇಡಿ. ನಮ್ಮ ಕೇರಿಯ ಅಡುಗೆಮನೆ ಅವರ ಭಾರತದಲ್ಲಿ ಇಲ್ಲವೇ ಇಲ್ಲ.

ಅದು ಎಲ್ಲಿ ಸಿಗುತ್ತೆ ಅಂತ ಬಾಯಿಬಿಟ್ಟು ಕೇಳಿದ್ರೋ, ಮುಂದಿನ ಪ್ರಶ್ನೆ ತಯಾರಾಗಿರುತ್ತೆ: 'ನಿಮ್ಮದು ಯಾವ ಕಡೆ? ಮನೇಲೂ ಇದೆಲ್ಲ ತಿಂತಾರಾ?' ಸರ್‌ನೇಮಿನಲ್ಲಿ ಸಿಗದ ಜಾತಿಯನ್ನ ತಟ್ಟೆಯಲ್ಲಿ ಹುಡುಕೋ ಕೆಲಸ ಇದು. ಈ ಭಯಕ್ಕೇ ಎಷ್ಟೋ ಮಕ್ಕಳು 'ನಾನೂ ವೆಜ್ಜೇ' ಅಂದುಬಿಟ್ಟು, ತಮಗೆ ಬೇಕಾದ್ದನ್ನ ಬಾಗಿಲು ಹಾಕ್ಕೊಂಡು ಒಬ್ಬರೇ ಉಣ್ತಾರೆ.

ಬಾಬಾಸಾಹೇಬರು 1922ರಲ್ಲಿ ಇದೇ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ್ದರು. ಅದಕ್ಕೂ ಮುಂಚಿನ ಅಮೆರಿಕ, ಇಂಗ್ಲೆಂಡಿನ ವರ್ಷಗಳು ತಾನು ಅಸ್ಪೃಶ್ಯ ಅನ್ನೋದನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವು, ಬರೋಡಾಕ್ಕೆ ವಾಪಸ್ ಬಂದಾಗಲೇ ಅದು ಮತ್ತೆ ಎದುರಾಯ್ತು ಅಂತ ಅವರು ಬರೆದಿದ್ದಾರೆ. ನೂರು ವರ್ಷ ಕಳೀತು. ಈಗ ಬರೋಡಾನೇ ಟಿಫನ್ ಡಬ್ಬಿಯಲ್ಲಿ ಕೂತು ವಿಮಾನ ಹತ್ತಿ ಬರ್ತಿದೆ.

ಹಾಗಾದ್ರೆ ಯಾರನ್ನ ಕೇಳಬೇಕು? ನನ್ನ ಉತ್ತರ ಸರಳ. ಈ ಊರಿಗೆ ದುಡಿಯಕ್ಕೆ ಬಂದವರ ಜಾಡು ಹಿಡೀರಿ.

ಗೋಡೆ ಎದ್ದ ವರ್ಷ, 1961ರ ಅಕ್ಟೋಬರಿನಲ್ಲಿ, ಪಶ್ಚಿಮ ಜರ್ಮನಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೂಲಿಯವರನ್ನ ಕರೆಸಿತು. 'ಅತಿಥಿ ಕಾರ್ಮಿಕರು' ಅಂತ ಚೆಂದದ ಹೆಸರು, ಮಾಡಿಸಿದ್ದು ಬೆನ್ನು ಮುರಿಯೋ ಕೆಲಸ. ಅವರು ನೆಲೆಯೂರಿದ ಕ್ರಾಯ್ಸ್‌ಬರ್ಗ್‌ಗೆ ಹೋಗಿ 'ಇಷ್ಕೆಂಬೆ' ಸೂಪು ಕೇಳಿ. ಅದು ಬೋಟಿ ಸಾರೇ. ಮೇಲೆ ಬೆಳ್ಳುಳ್ಳಿ, ವಿನೆಗರ್, ಮೆಣಸಿನಪುಡಿ ನೀವೇ ಹಾಕ್ಕೋಬೇಕು. ತಲೆಕಾಲು ಸೂಪಿಗೆ 'ಕೆಲ್ಲೆ ಪಾಚಾ' ಅಂತಾರೆ. ಮನೇಲೇ ಮಾಡ್ಕೋತೀನಿ ಅನ್ನೋರು ಹರ್ಮನ್‌ಪ್ಲಾಟ್ಸ್‌ನಲ್ಲಿ ಇಳಿದು, ಅರಬರ ಅಂಗಡಿಗಳಿರೋ ಝೊನ್ನೆನ್ ಅಲೀ ಬೀದಿ ಹಿಡೀರಿ. ಹಲಾಲ್ ಕಸಾಯಿ ಅಂಗಡೀಲಿ ಏನು ಬೇಕು ಅಂತ ಕೇಳ್ತಾರೆ, ನೀವು ಯಾರು ಅಂತ ಕೇಳಲ್ಲ.

ಪೂರ್ವ ಜರ್ಮನಿಗೆ 1980ರ ಒಪ್ಪಂದದ ನಂತರ ವಿಯೆಟ್ನಾಮಿನ ಕಾರ್ಮಿಕರು ಬಂದರು. ದೇಶ ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿದವು, ಕೆಲಸ ಹೋಯ್ತು. ಸಣ್ಣ ವ್ಯಾಪಾರ ಮಾಡಿ ನಿಂತ್ಕೊಂಡರು. ಲಿಖ್ಟನ್‌ಬರ್ಗಿನ ಡಾಂಗ್ ಶುವಾನ್ ಸೆಂಟರಿಗೆ ಎಂ8 ಟ್ರಾಮಿನಲ್ಲಿ ಹೋಗಿ. ಸಾಲುಸಾಲು ದೊಡ್ಡ ಶೆಡ್ಡುಗಳು. ಮೀನು, ಸೊಪ್ಪು, ಮೆಣಸಿನಕಾಯಿ ಸಿಗುತ್ತೆ, ಮೂಳೆ ಕುದಿಸಿದ ಸಾರಿನ 'ಫೊ' ಬಿಸಿಬಿಸಿ ಸಿಗುತ್ತೆ. ಇನ್ನು ರಕ್ತ ಅಂದ್ರೆ ಮೂಗು ಮುರಿಯೋರಿಗೆ ಒಂದು ಮಾತು: ಜರ್ಮನ್ನರ 'ಬ್ಲುಟ್‌ವುರ್ಸ್ಟ್' ಹಂದಿಯ ರಕ್ತದ ಸಾಸೇಜೇ, ಯಾವ ಸೂಪರ್‌ಮಾರ್ಕೆಟ್ಟಿಗೆ ಹೋದ್ರೂ ಕಣ್ಣಿಗೆ ಬೀಳುತ್ತೆ.

ಪೋರ್ಚುಗಲ್ಲಿನ ಪೋರ್ಟೊ ಊರಿನವರಿಗೆ 'ತ್ರಿಪೇರೊ' ಅಂತ ಅಡ್ಡಹೆಸರು. ಬೋಟಿಯವರು ಅಂತ ಅರ್ಥ. ಅವರು ಎದೆಯುಬ್ಬಿಸಿ ಹೇಳ್ಕೋತಾರೆ. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಕೊಡಿ ಅಂದಿದ್ದಕ್ಕೆ ಎಷ್ಟು ಗಲಾಟೆ ಆಯ್ತು ನೆನಪಿದೆಯಲ್ಲ? ಪದಾರ್ಥ ಅದೇ. ಒಂದು ಕಡೆ ಊರಿನ ಹೆಮ್ಮೆ, ಇನ್ನೊಂದು ಕಡೆ ಮೈಲಿಗೆ.

'ಊಟದಲ್ಲೂ ಜಾತಿ ತರ್ತೀರಾ' ಅನ್ನೋರು ಬರ್ತಾರೆ, ಬರಲಿ. ಊಟಕ್ಕೆ ಜಾತಿ ಬಡಿಸಿದವರು ನಾವಲ್ಲ. ಸೊಪ್ಪು ತಿನ್ನೋರು ಸೊಪ್ಪು ತಿನ್ನಲಿ, ಅದು ಅವರ ಹಕ್ಕು. 'ವೆಜ್ ಇದ್ರೆ ಮಾತ್ರ ರೂಮು' ಅಂತ ಹಾಕೋದು ಮಾತ್ರ ರುಚಿಯ ವಿಷಯ ಆಗಲ್ಲ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ತಾರತಮ್ಯ ತಡೆ ಕಾನೂನಿಗೆ ಜಾತಿ ಅನ್ನೋ ಪದವನ್ನ ಸೇರಿಸಿತು. ಜರ್ಮನಿಯ 2006ರ ಸಮಾನತಾ ಕಾಯ್ದೆಯ ಪಟ್ಟಿಯಲ್ಲಿ ಜನಾಂಗ, ಧರ್ಮ, ಲಿಂಗ, ವಯಸ್ಸು ಇವೆ; ಜಾತಿ ಅನ್ನೋ ಪದ ಇಲ್ಲ. ಅದು ಬರೋ ತನಕ ನಮ್ಮ ಮಕ್ಕಳು ಹಸಿದುಕೊಂಡು, ಹೆದರಿಕೊಂಡು ಕೂರಬೇಕಾ?

ಅದಕ್ಕೇ ನಮ್ಮದೇ ಪಟ್ಟಿ ಮಾಡೋಣ. ಲಂಡನ್, ಡಬ್ಲಿನ್, ದುಬೈ, ಮೆಲ್ಬರ್ನ್, ಎಲ್ಲೇ ಇರಿ, ಕೆಳಗೆ ಬರೀರಿ: ಯಾವ ಬೀದಿ, ಯಾವ ಬಸ್ಸು, ಏನು ಸಿಗುತ್ತೆ, ಯಾವತ್ತು ರಜಾ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಹೊಸದಾಗಿ ಬಂದವರಿಗೆ ನಿಮ್ಮ ಮನೇಲಿ ಭಾನುವಾರ ಒಂದು ತಟ್ಟೆ ಇಡ್ತೀರಾ? ಯಾವ ಹೋಟೆಲಿನ ವಿಳಾಸಕ್ಕಿಂತಲೂ ಆ ಸಾಲು ಅವರಿಗೆ ಹೆಚ್ಚು ಬೇಕಾಗುತ್ತೆ.

ಜೈ ಭೀಮ್.