ಗ್ಯಾಸ್ ತುಂಬಿಸುವ ಮುನ್ನ ಫ್ಯಾನ್ ತಿರುಗುತ್ತಿದೆಯೇ ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿಯ ಎಸಿ ಗ್ಯಾರೇಜುಗಳಿಗೆ ಸುಗ್ಗಿ. ಬಿಸಿಲು 40 ಡಿಗ್ರಿ ದಾಟಿದಾಗ ಕಾರಿನವರೆಲ್ಲರ ದೂರು ಒಂದೇ: ‘ಎಸಿ ತಣ್ಣಗೆ ಬರ್ತಿಲ್ಲ.’ ಅನೇಕ ಕಡೆ ಸಿಗುವ ಉತ್ತರವೂ ಒಂದೇ: ‘ಗ್ಯಾಸ್ ಖಾಲಿ ಆಗಿದೆ ಸಾರ್, ತುಂಬಿಸಿಬಿಡೋಣ.’ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಕಾರು ತಂಪಾಗುತ್ತದೆ, ದುಡ್ಡು ಕೊಟ್ಟವರು ಖುಷಿಯಿಂದ ಹೊರಡುತ್ತಾರೆ. ಮರುವರ್ಷ ಅದೇ ಕಾರು ಅದೇ ಗ್ಯಾರೇಜಿನ ಮುಂದೆ ಬಂದು ನಿಂತಿರುತ್ತದೆ.

ಕಾರು ಇಟ್ಟುಕೊಂಡಿರುವ ಎಲ್ಲರಲ್ಲೂ ಕೇಳಿಕೊಳ್ಳುವುದು ಇಷ್ಟೇ: ಆ ಉತ್ತರವನ್ನು ಹಾಗೇ ಒಪ್ಪಿಕೊಳ್ಳಬೇಡಿ.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಇವಾಪರೇಟರ್ ಎಂಬ ನಾಲ್ಕು ಮನೆಗಳ ನಡುವೆ ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸಿನ ಮೂಲಕ ವರ್ಷಗಳ ಮೇಲೆ ಚೂರುಪಾರು ಜಿನುಗುವುದುಂಟು. ಆದರೆ ಪ್ರತಿ ಬೇಸಿಗೆಗೂ ಗ್ಯಾಸ್ ಬೇಡುವ ಕಾರಿನಲ್ಲಿ ಎಲ್ಲೋ ಸೋರಿಕೆ ಇದ್ದೇ ಇದೆ. ಇಲ್ಲವೇ ದೋಷ ಗ್ಯಾಸಿನದ್ದೇ ಅಲ್ಲ.

ಹಲವು ಸಲ ಅದು ಕಂಡೆನ್ಸರಿಗೆ ಗಾಳಿ ಹಾಯಿಸುವ ಫ್ಯಾನಿನದ್ದು. ಗುರುತು ಹಿಡಿಯುವುದೂ ಸುಲಭ. ಹೆದ್ದಾರಿಯಲ್ಲಿ ಓಡುವಾಗ ಎಸಿ ಹಿತವಾಗಿ ತಣ್ಣಗಿದ್ದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ನಿಂತೊಡನೆ ಬಿಸಿಗಾಳಿ ಬಂದರೆ ಮೊದಲ ಅನುಮಾನ ಅದರ ಮೇಲೇ ಹೋಗಬೇಕು. ಓಡುವ ಕಾರಿನ ಕಂಡೆನ್ಸರಿಗೆ ಎದುರುಗಾಳಿ ಸಿಗುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ. ಅದು ತಿರುಗದಿದ್ದರೆ ಕೊಳವೆಯೊಳಗೆ ಒತ್ತಡ ಏರುತ್ತದೆ, ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಇಂಥ ಕಾರಿಗೆ ಇನ್ನಷ್ಟು ಗ್ಯಾಸ್ ತುಂಬಿದರೆ ಒತ್ತಡ ಮತ್ತೂ ಏರುತ್ತದೆಯೇ ಹೊರತು ತಂಪು ಹೆಚ್ಚುವುದಿಲ್ಲ.

ಪರೀಕ್ಷೆಗೆ ಉಪಕರಣ ಬೇಕಿಲ್ಲ. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಕಂಪ್ರೆಸರಿನ ಕ್ಲಚ್ ‘ಟಕ್’ ಎಂದು ಕಚ್ಚಿಕೊಂಡ ಮೇಲೆ ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ಕ್ಲಚ್ಚೇ ಕಚ್ಚದಿದ್ದರೆ ಮಾತು ಬೇರೆ: ಆಗ ಗ್ಯಾಸ್ ನಿಜಕ್ಕೂ ಕಡಿಮೆ ಇರಬಹುದು, ಕ್ಲಚ್ಚಿಗೆ ಕರೆಂಟೇ ಬರದೆಯೂ ಇರಬಹುದು. ಕೈ ಮಾತ್ರ ದೂರವಿರಲಿ. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಟ್ಟನೆ ತಿರುಗಲು ಶುರುಮಾಡುತ್ತದೆ.

ಫ್ಯಾನ್ ತಿರುಗಲಿಲ್ಲವೆಂದರೆ ಒಮ್ಮೆಲೇ ಹೊಸ ಮೋಟಾರ್ ಕೊಳ್ಳುವ ಆತುರ ಬೇಡ. ಮೊದಲು ಫ್ಯೂಸ್, ಆಮೇಲೆ ರಿಲೇ. ಅದೇ ನಂಬರಿನ ಇನ್ನೊಂದು ರಿಲೇ ಪೆಟ್ಟಿಗೆಯಲ್ಲಿದ್ದರೆ ಅದಲುಬದಲು ಮಾಡಿ ನೋಡಬಹುದು, ಖರ್ಚು ಸೊನ್ನೆ. ಬಳಿಕ ಮೆಕ್ಯಾನಿಕ್ ಫ್ಯೂಸ್ ಇರುವ ವೈರಿನಲ್ಲಿ ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಲಿ. ತಿರುಗಿದರೆ ಮೋಟಾರ್ ಸರಿಯಿದೆ, ದೋಷ ವೈರಿನಲ್ಲೋ ಸೆನ್ಸರಿನಲ್ಲೋ ಇದೆ. ತಿರುಗದಿದ್ದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿರಬಹುದು. ನಿಧಾನ ವೇಗ ಸತ್ತು ಜೋರು ವೇಗ ಮಾತ್ರ ಉಳಿದಿದ್ದರೆ ರೆಸಿಸ್ಟರ್ ಸುಟ್ಟಿರುವ ಸಂಭವ ಹೆಚ್ಚು. ಶಾಖಕ್ಕೆ ಕರಗಿದ ಕನೆಕ್ಟರನ್ನು ಕಣ್ಣೇ ಹಿಡಿದುಕೊಡುತ್ತದೆ.

ಅಂಬಾಸಿಡರ್ ಕಾಲದಲ್ಲಿ ಈ ರಗಳೆ ಇರಲಿಲ್ಲ. ಅದರ ಫ್ಯಾನ್ ಬೆಲ್ಟಿನಿಂದ ಎಂಜಿನ್ನಿಗೇ ಕಟ್ಟಿಕೊಂಡಿತ್ತು, ಎಂಜಿನ್ ತಿರುಗಿದಷ್ಟು ಹೊತ್ತೂ ತಿರುಗುತ್ತಿತ್ತು. 1983ರಲ್ಲಿ ಮಾರುತಿ 800 ಅಡ್ಡಲಾಗಿ ಕೂರಿಸಿದ ಎಂಜಿನ್ ಹೊತ್ತು ಬಂದಿತು. ಅಂಥ ಕಾರುಗಳ ಜೊತೆ ಕರೆಂಟಿನ ಫ್ಯಾನೂ, ಅದನ್ನು ಆಳುವ ಸ್ವಿಚ್ಚು-ರಿಲೇಗಳೂ ನಮ್ಮ ಗ್ಯಾರೇಜುಗಳಿಗೆ ಮಾಮೂಲಾದವು. ಜೊತೆಗೇ ‘ಡೈರೆಕ್ಟ್ ಕೊಡುವ’ ಕೆಟ್ಟ ಚಾಳಿಯೂ ಬಂತು. ಸೆನ್ಸರ್ ಕೈಕೊಟ್ಟಾಗ ದೋಷ ಹುಡುಕದೆ, ಫ್ಯಾನಿಗೆ ನೇರ ವೈರ್ ಎಳೆದು ಸದಾ ತಿರುಗುವಂತೆ ಮಾಡಿಬಿಡುವುದು. ಆ ವೈರಿಗೆ ಫ್ಯೂಸ್ ಇಲ್ಲದಿದ್ದರೆ ಬಾನೆಟ್ಟಿನೊಳಗೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಫ್ಯಾನ್ ಕೆಟ್ಟರೆ ಹೋಗುವುದು ತಂಪು ಮಾತ್ರವಲ್ಲ. ಬಹಳಷ್ಟು ಕಾರುಗಳಲ್ಲಿ ಎಂಜಿನ್ನಿನ ರೇಡಿಯೇಟರನ್ನು ತಣಿಸುವುದೂ ಅದೇ ಫ್ಯಾನ್. ತುಂಬಿದ ಕಾರು ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುವಾಗ ಟೆಂಪರೇಚರ್ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಬದಿಗೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆಗೆಯಲೇಬಾರದು. ಒಳಗಿನ ನೀರು ಒತ್ತಡದಲ್ಲಿ ನೂರು ಡಿಗ್ರಿಗೂ ಮೀರಿ ಕಾದಿರುತ್ತದೆ, ಮುಖಕ್ಕೇ ಚಿಮ್ಮುತ್ತದೆ. ‘ಊರು ಇನ್ನೇನು ಬಂತು’ ಎಂದು ಹಾಗೇ ಓಡಿಸಿದವರು ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡು, ರಿಲೇ ಬೆಲೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ.

ಫ್ಯಾನ್ ಸರಿಯಿದ್ದೂ ತಂಪಿಲ್ಲವೇ? ಮೊದಲು ಧೂಳು ತುಂಬಿದ ಕ್ಯಾಬಿನ್ ಫಿಲ್ಟರ್ ನೋಡಿಸಿ, ಆಮೇಲೆ ಗೇಜ್ ಹಾಕಿಸಿ. 35 ಡಿಗ್ರಿ ಸೆಖೆಯಲ್ಲಿ ಸರಿಯಾಗಿರುವ ಎಸಿಯ ಕೆಳಒತ್ತಡ ಸುಮಾರು 30ರಿಂದ 50 ಪಿಎಸ್ಐ, ಮೇಲೊತ್ತಡ 200ರಿಂದ 250ರ ಆಸುಪಾಸು. ಎರಡೂ ಕಡಿಮೆಯಿದ್ದರೆ ಗ್ಯಾಸ್ ಸೋರಿದೆ ಎಂದು ಅನುಮಾನಿಸಬೇಕು. ಕೆಳಗಿನದು ಹೆಚ್ಚು, ಮೇಲಿನದು ಕಡಿಮೆಯಿದ್ದರೆ ಕಂಪ್ರೆಸರ್ ಸೋತಿರಬಹುದು. ಸೋರುವ ಜಾಗದಲ್ಲಿ ಸಾಮಾನ್ಯವಾಗಿ ಎಣ್ಣೆಜಿಡ್ಡಿಗೆ ಧೂಳು ಅಂಟಿರುತ್ತದೆ, ಏಕೆಂದರೆ ಗ್ಯಾಸಿನೊಂದಿಗೆ ಕಂಪ್ರೆಸರ್ ಎಣ್ಣೆಯೂ ಹೊರಬರುತ್ತದೆ. ಮಂಗಳೂರು, ಕಾರವಾರದಂಥ ಕಡಲೂರುಗಳಲ್ಲಿ ಉಪ್ಪುಗಾಳಿಗೆ ಕಂಡೆನ್ಸರೇ ತೂತು ಬೀಳುವುದುಂಟು.

ಸೋರಿಕೆ ಮುಚ್ಚದೆ ತುಂಬಿಸುವುದು ಜೇಬಿಗಷ್ಟೇ ನಷ್ಟವಲ್ಲ. ನಮ್ಮ ರಸ್ತೆಯ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ 1,430 ಪಟ್ಟು ಬಲಶಾಲಿ. ಸಣ್ಣ ಕಾರಿನ 400 ಗ್ರಾಂ ಗಾಳಿಗೆ ಹೋಯಿತೆಂದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಇಂಥ ಗ್ಯಾಸುಗಳ ಬಳಕೆಯನ್ನು 2032ರಿಂದ ಹಂತಹಂತವಾಗಿ ಇಳಿಸಬೇಕು.

ಅಗ್ಗದ ಗ್ಯಾಸಿನ ಆಸೆಯೂ ಬೇಡ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳಿಗೆ ವಿಯೆಟ್ನಾಂನಲ್ಲಿ ತುಂಬಿದ್ದ ಕಲಬೆರಕೆ ಗ್ಯಾಸಿನಲ್ಲಿ ಮಿಥೈಲ್ ಕ್ಲೋರೈಡ್ ಇತ್ತು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಕಿದರೆ ಸಾಕು ಹೊತ್ತಿಕೊಳ್ಳುವ ವಸ್ತುವಾಯಿತು. ಕಂಟೇನರುಗಳು ಸಿಡಿದು ಕಾರ್ಮಿಕರು ಸತ್ತರು. ಕಾರಿನ ಎಸಿಯಲ್ಲೂ ಅಲ್ಯೂಮಿನಿಯಂ ಬೇಕಾದಷ್ಟಿದೆ.

ಎಲ್ಲ ತಪ್ಪನ್ನೂ ಮೆಕ್ಯಾನಿಕ್ಕುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಗಂಟೆ ಹುಡುಕಿ ಸುಟ್ಟ ಫ್ಯೂಸ್ ಪತ್ತೆ ಮಾಡಿದವರಿಗೆ ‘ಬರೀ ನೋಡಿದ್ದಕ್ಕೆ ಇಷ್ಟಾ?’ ಎಂದು ಜಗಳ ತೆಗೆಯುವವರು, ಗ್ಯಾಸ್ ತುಂಬಿದವರಿಗೆ ಚೌಕಾಶಿಯಿಲ್ಲದೆ ಎಣಿಸಿಕೊಡುತ್ತಾರೆ. ಹೀಗಿರುವಾಗ ಯಾರು ತಾನೇ ಹುಡುಕುತ್ತ ಕೂರುತ್ತಾರೆ? 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೂ ಎಸಿ ಕಡ್ಡಾಯವಾಗಿದೆ. ದೋಷ ಹುಡುಕದೆ ಗ್ಯಾಸ್ ತುಂಬುವ ಚಾಳಿ ಈಗಲೇ ನಿಲ್ಲದಿದ್ದರೆ ಲಾರಿ ಶೆಡ್ಡುಗಳಿಗೂ ಹಬ್ಬುತ್ತದೆ.

ಆದ್ದರಿಂದ ಕಾರು ಇರುವವರೇ, ದೋಷ ಹುಡುಕಿದ ಶ್ರಮಕ್ಕೆ ಮನಸಾರೆ ದುಡ್ಡು ಕೊಡಿ. ಗ್ಯಾಸ್ ಹಾಕಿಸಲೇಬೇಕಾದರೆ ಸೋರಿಕೆ ಎಲ್ಲಿತ್ತು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದರೇ, ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ಹಾಕಿದರೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗ್ಯಾರೇಜಿನವರೇ, ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮೆಷಿನ್ನಿಗೆ ಎಳೆದುಕೊಳ್ಳಿ.